ಬಸುರಿಗೆ ಬೇಕಿರುವುದು ಸಡಿಲ ಬಟ್ಟೆಯಲ್ಲ, ಸರಿಯಾದ ಬಟ್ಟೆ

ಮನೆಯಲ್ಲಿ ಒಬ್ಬರು ಬಸುರಿಯಾದರೆ ಸಾಕು, ಊರಿಗೆಲ್ಲ ಸಲಹೆ ಕೊಡುವ ಉತ್ಸಾಹ ಬಂದುಬಿಡುತ್ತದೆ. ಪಪ್ಪಾಯಿ ತಿನ್ನಬೇಡ, ಗ್ರಹಣದ ದಿನ ಹೊರಗೆ ಬರಬೇಡ, ಎಡಕ್ಕೆ ತಿರುಗಿ ಮಲಗು. ಒಬ್ಬರ ಸಲಹೆ ಇನ್ನೊಬ್ಬರಿಗೆ ಆಗುವುದಿಲ್ಲ. ಆದರೆ ಎಲ್ಲರೂ ಒಪ್ಪುವ ಮಾತು ಒಂದಿದೆ: ‘ಸಡಿಲಾದ ಬಟ್ಟೆ ಹಾಕ್ಕೋ’. ಡಾಕ್ಟರು ಹೇಳುತ್ತಾರೆ, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಹೇಳುತ್ತಾರೆ, ಪಕ್ಕದ ಮನೆ ಆಂಟಿಯೂ ಹೇಳುತ್ತಾರೆ. ಹತ್ತಿಯದು, ಗಾಳಿಯಾಡುವಂಥದ್ದು, ಹೊಟ್ಟೆ ಬಿಗಿಯದಿರುವಂಥದ್ದು ಎಂಬ ಅರ್ಥದಲ್ಲಿ ಈ ಮಾತು ಸರಿಯೇ. ನನ್ನ ತಕರಾರು ಇರುವುದು ಅದರ ಎರಡನೇ ಅರ್ಥದ ಬಗ್ಗೆ. ಮನೆಯಲ್ಲಿದ್ದರೆ ನೈಟಿ, ಹೊರಗೆ ಹೊರಟರೆ ಗಂಡನ ಹಳೇ ಶರ್ಟು, ಮೇಲೆ ಅಗಲವಾದ ವೇಲ್. ಹೇಗೋ ಮುಚ್ಚಿಕೋ, ನಾಲ್ಕು ತಿಂಗಳು ತಳ್ಳು ಎನ್ನುವ ಅರ್ಥ.

ಬಿಇ ಓದುವ ಇಪ್ಪತ್ತು ವರ್ಷದ ಹುಡುಗಿಗೆ ಈ ವಿಷಯ ಯಾಕೆ ಬೇಕು ಎಂದು ಕೇಳಬಹುದು. ಇನ್ನೆರಡು ವರ್ಷಕ್ಕೆ ನಾನೂ ನನ್ನ ಕ್ಲಾಸಿನ ಹುಡುಗರೂ ಎಲ್ಲಾದರೂ ಕೆಲಸದಲ್ಲಿರುತ್ತೇವೆ. ನಮ್ಮ ಪಕ್ಕದ ಮೇಜಿನಲ್ಲಿ, ನಮ್ಮದೇ ಶಿಫ್ಟಿನಲ್ಲಿ ಬಸುರಿಯರೂ ದುಡಿಯುತ್ತಿರುತ್ತಾರೆ. ನಮ್ಮಲ್ಲೇ ಕೆಲವರು ಮುಂದೆ ಡ್ರೆಸ್ ಕೋಡ್ ಬರೆಯುವ ಕುರ್ಚಿಗೂ ಹೋಗುತ್ತಾರೆ. ಆಗ ಕಲಿಯುವುದಕ್ಕಿಂತ ಈಗಲೇ ಯೋಚಿಸುವುದು ಒಳ್ಳೆಯದು.

ಮೊದಲು ಅಳತೆ ನೋಡೋಣ. ಸುಮಾರು 20ನೇ ವಾರಕ್ಕೆ ಗರ್ಭಕೋಶದ ಮೇಲ್ತುದಿ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ತಪಾಸಣೆಗೆ ಹೋದಾಗ ಕೆಳಹೊಟ್ಟೆಯ ಮೂಳೆಯಿಂದ ಟೇಪು ಹಿಡಿದು ಅಳೆಯುತ್ತಾರೆ. ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಬರಬೇಕು. 28ನೇ ವಾರಕ್ಕೆ ಸುಮಾರು 28 ಸೆಂ.ಮೀ. ಅಂದರೆ ವಾರಕ್ಕೊಂದು ಸೆಂಟಿಮೀಟರ್ ಬೆಳವಣಿಗೆ. ಇಷ್ಟು ಕರಾರುವಾಕ್ಕಾಗಿ ಬೆಳೆಯುವ ವಸ್ತುವಿಗೆ ಹೊದಿಕೆ ಡಿಸೈನ್ ಮಾಡಿ ಎಂದು ನಮಗೆ ಅಸೈನ್‌ಮೆಂಟ್ ಕೊಟ್ಟರೆ, ‘ಡಬಲ್ ಎಕ್ಸೆಲ್ ಹಾಕಿಬಿಡಿ’ ಎಂದು ಯಾರೂ ಬರೆಯುವುದಿಲ್ಲ. ಬರೆದರೆ ಸೊನ್ನೆ ಸಿಗುತ್ತದೆ.

ಯಾಕೆಂದರೆ ಹೊಟ್ಟೆ ಬೆಳೆಯುತ್ತದೆ, ಎದೆ ಸ್ವಲ್ಪ ಬೆಳೆಯುತ್ತದೆ. ಭುಜ ಬೆಳೆಯುವುದಿಲ್ಲ, ತೋಳು ಉದ್ದವಾಗುವುದಿಲ್ಲ. ಡಬಲ್ ಎಕ್ಸೆಲ್ ಕುರ್ತಾ ಹಾಕಿದರೆ ಹೊಟ್ಟೆಗೇನೋ ಜಾಗ ಸಿಗುತ್ತದೆ. ಆದರೆ ಭುಜದ ಹೊಲಿಗೆ ಮೊಣಕೈ ಕಡೆ ಜಾರುತ್ತದೆ, ತೋಳು ಬೆರಳನ್ನು ಮುಚ್ಚುತ್ತದೆ, ಕುತ್ತಿಗೆ ಅಗಲವಾಗಿ ಪಿನ್ನು ಹಾಕಬೇಕಾಗುತ್ತದೆ. ಹೊಟ್ಟೆ ಮುಂದೆ ಬಂದಷ್ಟೂ ಬಟ್ಟೆಯ ಅಂಚು ಮುಂದೆ ಮೇಲೇರಿ ಹಿಂದೆ ಇಳಿಬೀಳುತ್ತದೆ. ದೇಹದ ಭಾರ ಮುಂದಕ್ಕೆ ವಾಲಿರುತ್ತದೆ, ಕೀಲುಗಳು ಸಡಿಲಾಗಿರುತ್ತವೆ, ಕೊನೆಯ ತಿಂಗಳುಗಳಲ್ಲಿ ನಿಂತರೆ ತನ್ನ ಪಾದ ತನಗೇ ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ಕಾಲಿಗೆ ತೊಡರುವ ಬಟ್ಟೆ ಹಾಕಿಸಿ ಮೆಟ್ಟಿಲು ಹತ್ತಿಸುತ್ತೇವೆ.

ಇದು ನನಗೆ ಅರ್ಥವಾಗಿದ್ದು ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ. ಲೇತ್ ಮಷೀನಿನ ಮುಂದೆ ನಿಲ್ಲುವವರಿಗೆ ಮೊದಲ ದಿನವೇ ಹೇಳುವ ಪಾಠ: ಸಡಿಲ ಬಟ್ಟೆ ಬೇಡ, ವೇಲ್ ಬೇಡ, ಜಡೆ ಕಟ್ಟಿ, ತೋಳು ಮಡಚಿ. ತಿರುಗುವ ಚಕ್‌ಗೆ ಬಟ್ಟೆಯ ತುದಿ ಸಿಕ್ಕರೆ ಅದು ಬಟ್ಟೆಯನ್ನಷ್ಟೇ ಎಳೆಯುವುದಿಲ್ಲ, ಕೈಯನ್ನೂ ಎಳೆಯುತ್ತದೆ. ಈ ಪಾಠ ಹೇಳಿದ ಮೇಡಂ ಆಗ ಏಳು ತಿಂಗಳ ಬಸುರಿ. ಮಹಿಳಾ ಸಿಬ್ಬಂದಿ ಸೀರೆಯಲ್ಲೇ ಬರಬೇಕೆಂಬುದು ಕಾಲೇಜಿನ ನಿಯಮ. ವರ್ಕ್‌ಶಾಪಿನಲ್ಲಿ ಅದರ ಮೇಲೆ ಏಪ್ರನ್ ಹಾಕಿ ಗುಂಡಿ ಹಾಕಿರಬೇಕೆಂಬುದು ಇನ್ನೊಂದು ನಿಯಮ. ಅವರ ಏಪ್ರನ್ನಿನ ಕೆಳಗಿನ ಮೂರು ಗುಂಡಿಗಳು ಹೊಟ್ಟೆಯ ಮೇಲೆ ಕೂಡುತ್ತಲೇ ಇರಲಿಲ್ಲ. ಡಾಕ್ಟರ ಪ್ರಕಾರ ಬಟ್ಟೆ ಸಡಿಲ ಇರಬೇಕು, ಮಷೀನಿನ ಪ್ರಕಾರ ಇರಬಾರದು. ಇಬ್ಬರೂ ಹೇಳುತ್ತಿರುವುದು ಸರಿ. ನಡುವೆ ಸಿಕ್ಕಿಕೊಂಡವರು ಮೇಡಂ. ‘ಏಪ್ರನ್ ಹೊಲಿಯೋರಿಗೆ ಹೆಣ್ಮಕ್ಕಳು ಬಸುರಾಗ್ತಾರ ಅನ್ನೂದು ಗೊತ್ತಿಲ್ಲ ಕಾಣಸ್ತದ’ ಎಂದು ನಗುತ್ತಲೇ ಹೇಳಿದ್ದರು. ಕೊನೆಗೆ ಅವರೇ ಟೇಲರ್ ಬಳಿ ಹೋಗಿ ಎರಡೂ ಬಗಲಿಗೆ ಒಂದೊಂದು ಪಟ್ಟಿ ಬಟ್ಟೆ ಸೇರಿಸಿಕೊಂಡು ಬಂದರು. ಭುಜ ಅಲ್ಲೇ, ತೋಳು ಅಲ್ಲೇ, ಹೊಟ್ಟೆಗೆ ಮಾತ್ರ ಜಾಗ. ಅರ್ಧ ದಿನದ ಕೆಲಸ. ಅದಕ್ಕೆ ಮೊದಲಿನ ಒಂದು ತಿಂಗಳು ಅವರು ಪಿನ್ನು ಚುಚ್ಚಿಕೊಂಡು ಕಳೆದಿದ್ದರು.

ಹೊಟ್ಟೆಗೆ ಮಾತ್ರ ಜಾಗ ಮಾಡುವ ಇದೇ ಉಪಾಯ ಅಮೆರಿಕದಲ್ಲಿ ಒಂದು ಪೇಟೆಂಟ್ ಆಗಿ ದೊಡ್ಡ ವ್ಯಾಪಾರವನ್ನೇ ಹುಟ್ಟಿಸಿತು. ಅಲ್ಲಿ 1904ರ ಹೊತ್ತಿಗೇ ನ್ಯೂಯಾರ್ಕಿನ ಲೇನಾ ಬ್ರಯಂಟ್ ಎಂಬ ಟೇಲರಮ್ಮ ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಬಸುರಿಯರ ಉಡುಪು ಹೊಲಿಯುತ್ತಿದ್ದರು. ಆದರೆ ಜಾಹೀರಾತು ಹಾಕಲು ಪತ್ರಿಕೆಗಳು ಒಪ್ಪುತ್ತಿರಲಿಲ್ಲ. ಬಸುರಿ ಬೀದಿಗೆ ಬರುವುದೇ ಅಸಭ್ಯ ಎಂಬ ಕಾಲ ಅದು. ಒಂದು ಪತ್ರಿಕೆ ಒಪ್ಪಲು 1911ರವರೆಗೆ ಕಾಯಬೇಕಾಯಿತು. ನಂತರ 1938ರಲ್ಲಿ ಡಲ್ಲಾಸ್‌ನ ಎಲ್ಸಿ ಫ್ರಾಂಕ್‌ಫರ್ಟ್ ಎಂಬ ಯುವತಿ ತನ್ನ ಬಸುರಿ ಅಕ್ಕನ ಉಡುಪು ನೋಡಲಾಗದೆ ಕತ್ತರಿ ಹಿಡಿದಳು. ಸ್ಕರ್ಟಿನ ಮುಂಭಾಗದಲ್ಲಿ ಹೊಟ್ಟೆ ಇರುವ ಕಡೆ ಕಿಟಕಿಯಂತೆ ಬಟ್ಟೆ ಕತ್ತರಿಸಿ ತೆಗೆದು, ಲಾಡಿ ಕಟ್ಟಿ, ಮೇಲೆ ಉದ್ದನೆಯ ಜಾಕೆಟ್ ಇಳಿಬಿಟ್ಟಳು. ಸ್ಕರ್ಟಿನ ಅಂಚು ಮುಂದೆ ಮೇಲೇರುವುದು ನಿಂತುಹೋಯಿತು. ಅದಕ್ಕೆ ಪೇಟೆಂಟ್ ಪಡೆದು ಅಕ್ಕತಂಗಿಯರು ‘ಪೇಜ್ ಬಾಯ್’ ಎಂಬ ಕಂಪನಿ ಕಟ್ಟಿದರು. ಸ್ಟಾರ್ಟ್‌ಅಪ್ ಐಡಿಯಾ ಸಿಗುತ್ತಿಲ್ಲ ಎಂದು ಹಾಸ್ಟೆಲಿನಲ್ಲಿ ತಲೆ ಕೆರೆದುಕೊಳ್ಳುವವರು ಗಮನಿಸಿ.

ಹಾಗಂತ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದ ನಮ್ಮ ಕಡೆ ಸೀಮಂತಕ್ಕೆ ‘ಕುಬಸ’ ಎನ್ನುತ್ತೇವೆ. ಕುಬಸವೆಂದರೆ ಕುಪ್ಪಸ, ರವಿಕೆ. ತವರಿನವರು ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ ತಂದು ಮಗಳಿಗೆ ಉಡಿಸಿ ತೊಡಿಸಿ ಉಡಿ ತುಂಬುತ್ತಾರೆ. ಒಂದು ಇಡೀ ಶುಭಕಾರ್ಯಕ್ಕೆ ಬಟ್ಟೆಯ ಹೆಸರು! ನನ್ನದೊಂದು ಊಹೆ, ಪಂಡಿತರು ಒಪ್ಪದಿರಬಹುದು: ಐದೋ ಏಳೋ ತಿಂಗಳಿಗೆ ಹಳೆಯ ರವಿಕೆ ಹಿಡಿಸದಾಗುತ್ತದೆ, ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಕೇಳಲು ಸೊಸೆಗೆ ಸಂಕೋಚ, ಅದಕ್ಕೆ ತವರಿನವರೇ ಹೊಸದನ್ನು ಹೊಲಿಸಿ ತರಲಿ ಎಂದು ಯಾರೋ ಜಾಣ ಅಜ್ಜಿ ಶುರು ಮಾಡಿರಬೇಕು. ನಮ್ಮ ಅಜ್ಜಿಯಂದಿರ ಖಣದ ಕುಪ್ಪಸಕ್ಕೆ ಮುಂದೆ ಗಂಟು. ಎದೆ ಭಾರವಾದಂತೆ ಗಂಟನ್ನು ತುಸು ಸಡಿಲಿಸಿದರಾಯಿತು, ಕೂಸು ಹುಟ್ಟಿದ ಮೇಲೆ ಹಾಲೂಡಿಸಲೂ ಅದೇ ಅನುಕೂಲ. ಈಗ ಕುಬಸದ ದಿನ ಬರುವುದು ಫೋಟೊಶೂಟಿಗೆ ಒಪ್ಪುವ, ಬೆನ್ನ ಹಿಂದೆ ಹುಕ್ಕಿನ, ಕಲ್ಲು ಮಣಿ ಹೊಲಿದ ಬಿಗಿ ಬ್ಲೌಸು. ಕಾರ್ಯ ಮುಗಿದ ಮೇಲೆ ಅದು ಕಪಾಟಿನಲ್ಲಿ ಉಳಿಯುತ್ತದೆ, ಅವಳು ಮತ್ತೆ ನೈಟಿಗೆ ಮರಳುತ್ತಾಳೆ.

ಸೀರೆಯೂ ಬಸುರಿಗೆ ಕೆಟ್ಟ ಉಡುಪಲ್ಲ. ಐದೂವರೆ ಮೀಟರ್ ಬಟ್ಟೆಗೆ ಸೈಜ್ ಎಂಬುದೇ ಇಲ್ಲ, ಎರಡು ನೆರಿಗೆ ಕಡಿಮೆ ಮಾಡಿದರೆ ಹೊಟ್ಟೆಗೆ ಜಾಗ ಸಿಗುತ್ತದೆ. ತೊಂದರೆ ಕೊಡುವುದು ಒಳಗಿನ ಲಂಗದ ಲಾಡಿ. ಸೀರೆಯ ಭಾರವನ್ನೆಲ್ಲ ಆ ಒಂದು ಸಣ್ಣ ದಾರವೇ ಹೊರುತ್ತದೆ. ಭಾರ ಅಷ್ಟೇ ಇದ್ದು ಅಗಲ ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ ಎಂಬುದು ಹೈಸ್ಕೂಲ್ ಭೌತಶಾಸ್ತ್ರ. ಲಾಡಿಯ ಬದಲು ನಾಲ್ಕು ಬೆರಳಗಲದ ಮೆತ್ತನೆಯ ಪಟ್ಟಿ ಹಾಕಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಬಸುರಿಯರ ವಿಷಯವಲ್ಲದಿದ್ದರೂ ಒಂದು ಮಾತು: 2024ರಲ್ಲಿ ವಾರ್ಧಾ ಮತ್ತು ಮಧುಬನಿಯ ವೈದ್ಯರು, ವರ್ಷಗಟ್ಟಲೆ ಲಾಡಿ ಬಿಗಿದ ಜಾಗದಲ್ಲೇ ಗಾಯವಾಗಿ ಚರ್ಮದ ಕ್ಯಾನ್ಸರ್ ಆದ ಇಬ್ಬರು ಹಿರಿಯ ಮಹಿಳೆಯರ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಅಪರೂಪದ ಪ್ರಕರಣಗಳು, ಹೆದರಬೇಕಿಲ್ಲ. ಆದರೆ ಲಾಡಿಯ ಗುರುತು ಸೊಂಟದ ಮೇಲೆ ಕಪ್ಪಗೆ ಕೂತಿರುವುದನ್ನು ನಮ್ಮ ಎಷ್ಟು ಜನ ಅಮ್ಮಂದಿರು ಸಹಜ ಎಂದುಕೊಂಡಿಲ್ಲ?

ಇನ್ನು ಕೆಲಸ ಹುಡುಕುವವರ ವಿಷಯ. ಇಲ್ಲಿ ಬಟ್ಟೆಯ ಪ್ರಶ್ನೆ ಅನುಕೂಲದ್ದಲ್ಲ, ಅನ್ನದ್ದು.

ನನ್ನ ಅತ್ತಿಗೆ ಐದು ತಿಂಗಳ ಬಸುರಿಯಿದ್ದಾಗ ಬೆಂಗಳೂರಿನ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದರು. ಮೊದಲ ಎರಡು ಸುತ್ತು ವಿಡಿಯೊ ಕಾಲ್, ಕ್ಯಾಮೆರಾಕ್ಕೆ ಕಾಣುವುದು ಎದೆಮಟ್ಟ ಮಾತ್ರ, ಚಿಂತೆಯಿರಲಿಲ್ಲ. ಕೊನೆಯ ಸುತ್ತಿಗೆ ಆಫೀಸಿಗೇ ಬನ್ನಿ ಎಂದರು. ಹಿಂದಿನ ರಾತ್ರಿ ಮನೆಯಲ್ಲಿ ಸಭೆಯೇ ನಡೆಯಿತು. ‘ದೊಡ್ಡ ವೇಲ್ ಹೊದ್ಕೊಂಡು ಹೋಗವಾ, ಕಾಣೂದಿಲ್ಲ’ ಎಂದು ಅಮ್ಮ. ಬ್ಲೇಜರ್ ಗುಂಡಿ ಬಿಟ್ಟು ಹಾಕಿಕೋ, ಫೈಲ್ ಮುಂದೆ ಹಿಡಿದುಕೋ ಎಂದು ಅಣ್ಣ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, ಬೆಳಿಗ್ಗೆ ಹೊಟ್ಟೆ ನೀಟಾಗಿ ಕಾಣುವ, ಅಳತೆಗೆ ಸರಿಯಾಗಿ ಹೊಲಿಸಿದ್ದ ನೀಲಿ ಕುರ್ತಾ ಹಾಕಿಕೊಂಡು ಹೊರಟರು. ‘ಹೆಂಗಿದ್ರೂ ನಾಲ್ಕು ತಿಂಗಳಿಗೆ ಗೊತ್ತಾಗೂದ. ಗೊತ್ತಾದ ಮ್ಯಾಲೂ ತಗೊಳ್ಳೋರಿದ್ರ ತಗೊಳ್ಳಲಿ’ ಎಂದರು. ಅಲ್ಲಿ ಹೊಟ್ಟೆಯ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲವಂತೆ. ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಕಾರಣ ಉತ್ತರಗಳೋ ಹೊಟ್ಟೆಯೋ, ಹೇಳುವವರು ಯಾರು?

ಅತ್ತಿಗೆಯ ಧೈರ್ಯ ನನಗೆ ಇಷ್ಟವಾಯಿತು. ಆದರೆ ವೇಲ್ ಹೊದ್ದುಕೊಂಡೇ ಹೋಗುವವರನ್ನು ನಾನು ತಪ್ಪೆನ್ನುವುದಿಲ್ಲ. ಮನೆಯ ಕಂತು ಕಟ್ಟಬೇಕಾದವರಿಗೆ ಧೈರ್ಯದ ಪಾಠ ಹೇಳುವುದು ಸುಲಭ. 2022ರ ಜನವರಿಯಲ್ಲಿ ದೇಶದ ಅತಿದೊಡ್ಡ ಬ್ಯಾಂಕ್ ಎಸ್‌ಬಿಐಯ ಸುತ್ತೋಲೆಯೊಂದು ಸುದ್ದಿಯಾಯಿತು. ಆಯ್ಕೆಯಾದವರು ಮೂರು ತಿಂಗಳು ಮೀರಿದ ಬಸುರಿಯರಾಗಿದ್ದರೆ ‘ತಾತ್ಕಾಲಿಕವಾಗಿ ಅನರ್ಹ’, ಹೆರಿಗೆಯಾದ ಮೇಲೆ ಬಂದು ಸೇರಿಕೊಳ್ಳಬಹುದು ಎಂದಿತ್ತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಬರೆದಿಟ್ಟ ನಿಯಮವಾದ್ದರಿಂದ ಪ್ರಶ್ನಿಸಲು ಸಾಧ್ಯವಾಯಿತು. ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡಿರುವ ನಿಯಮವನ್ನು ಹೇಗೆ ಪ್ರಶ್ನಿಸುತ್ತೀರಿ? 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ಮೊದಲ ಎರಡು ಹೆರಿಗೆಗೆ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ ಸಂಬಳ ಬಹುತೇಕ ಕಡೆ ಮಾಲೀಕನ ಜೇಬಿನಿಂದಲೇ ಹೋಗಬೇಕು. ಹಾಗಾಗಿ ಇಂಟರ್‌ವ್ಯೂ ಕೋಣೆಯಲ್ಲಿ ಕೂತವರ ಕಣ್ಣು ಮೊದಲು ಹೊಟ್ಟೆಗೆ ಹೋಗುತ್ತದೆ, ಆಮೇಲೆ ಬಯೋಡೇಟಾಗೆ.

ಕಾಲೇಜುಗಳಲ್ಲೂ ಇದು ನಮಗೆ ದೂರದ ವಿಷಯವಲ್ಲ. 2021ರ ಡಿಸೆಂಬರ್‌ನಲ್ಲಿ ಯುಜಿಸಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ವಿನಾಯಿತಿಗೆ ನಿಯಮ ಮಾಡಿ ಎಂದು ವಿಶ್ವವಿದ್ಯಾಲಯಗಳಿಗೆ ಬರೆದಿದೆ. ರಜೆಯ ಬಗ್ಗೆ ಯೋಚಿಸಿದವರು ರಜೆ ಶುರುವಾಗುವವರೆಗಿನ ಏಳೆಂಟು ತಿಂಗಳು ಆಕೆ ಯಾವ ಯೂನಿಫಾರ್ಮಿನಲ್ಲಿ ಬೆಂಚಿನ ಮೇಲೆ ಕೂರಬೇಕು ಎಂದೂ ಯೋಚಿಸಬೇಕಲ್ಲವೇ? ಎಂಬಿಎ ಓದುವ ವಿವಾಹಿತೆಯರು ಎಲ್ಲ ಊರಲ್ಲೂ ಇದ್ದಾರೆ. ಟಕ್ ಮಾಡಿದ ಶರ್ಟು, ಬೆಲ್ಟು, ಕರಿ ಪ್ಯಾಂಟು ಅವರಿಗೂ ಕಡ್ಡಾಯ.

ನಮ್ಮ ದೇಶದ ಎಂಜಿನಿಯರುಗಳಿಗೆ, ಕಾನೂನು ಮಾಡುವವರಿಗೆ ಇಷ್ಟು ಸೂಕ್ಷ್ಮ ಇಲ್ಲವೆಂದು ನಾನು ನಂಬುವುದಿಲ್ಲ. ಯಾವುದೇ ಬೈಕಿನ ಹಿಂದಿನ ಚಕ್ರದ ಎಡಕ್ಕೆ ಬಗ್ಗಿ ನೋಡಿ. ಅಲ್ಲೊಂದು ಸ್ಯಾರಿ ಗಾರ್ಡ್ ಇರುತ್ತದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅದರ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೀರೆ ಉಟ್ಟವರು ಬೈಕ್ ಹತ್ತಬೇಡಿ ಎಂದು ಯಾರೂ ನಿಯಮ ಮಾಡಲಿಲ್ಲ. ಹುಷಾರಾಗಿ ಸೆರಗು ಹಿಡಿದುಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳಲೂ ಇಲ್ಲ. ಬೈಕನ್ನೇ ಬದಲಿಸಿದರು. ಏಪ್ರನ್ನು, ಯೂನಿಫಾರ್ಮು, ಡ್ರೆಸ್ ಕೋಡ್ ಎಂಬ ಎರಡು ಹಾಳೆಯ ಕಾಗದ ಬೈಕಿಗಿಂತ ಬದಲಿಸಲು ಕಷ್ಟವೇ?

ಕಳೆದ ತಿಂಗಳು ನಾವು ಹತ್ತು ಜನ ಸೇರಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕೊಟ್ಟೆವು. ಕೇಳಿದ್ದು ಎರಡೇ. ವರ್ಕ್‌ಶಾಪಿಗೆ ಬಗಲಲ್ಲಿ ಹಿಗ್ಗಿಸಿಕೊಳ್ಳಬಹುದಾದ ಮೂರು ಏಪ್ರನ್ ಹೊಲಿಸಿ ಇಡಬೇಕು. ಗರ್ಭಿಣಿಯರಿಗೆ, ಅವರು ಸಿಬ್ಬಂದಿಯಾಗಲಿ ವಿದ್ಯಾರ್ಥಿನಿಯಾಗಲಿ, ವರ್ಕ್‌ಶಾಪಿನ ಸುರಕ್ಷತೆಗೆ ಒಪ್ಪುವ ತಮ್ಮ ಆಯ್ಕೆಯ ಬಟ್ಟೆ ಹಾಕಲು ಅನುಮತಿಯಿದೆ ಎಂಬ ಒಂದು ಸಾಲನ್ನು ಡ್ರೆಸ್ ಕೋಡಿಗೆ ಸೇರಿಸಬೇಕು. ಸರ್ ಓದಿದರು. ‘ಈಗ ಎಷ್ಟು ಜನ ಇದ್ದಾರಮ್ಮ?’ ಎಂದರು. ಮೇಡಂ ರಜೆಯಲ್ಲಿದ್ದಾರೆ, ಸದ್ಯಕ್ಕೆ ಯಾರೂ ಇಲ್ಲ ಸರ್ ಎಂದೆವು. ಬೈಕ್ ಕೊಳ್ಳಲು ಹೋದಾಗ ಮನೆಯಲ್ಲಿ ಸೀರೆ ಉಡುವವರು ಎಷ್ಟು ಜನ ಎಂದು ಶೋರೂಮಿನವರು ಕೇಳುತ್ತಾರಾ ಸರ್ ಎಂದು ಹಿಂದಿನಿಂದ ನಮ್ಮ ಕ್ಲಾಸಿನ ಹುಡುಗನೊಬ್ಬ ಕೇಳಿದ. ಸರ್ ನಕ್ಕರು. ಪತ್ರ ಇನ್ನೂ ಅವರ ಮೇಜಿನ ಮೇಲಿದೆ. ಮುಂದಿನ ಸೋಮವಾರ ಮತ್ತೆ ಹೋಗಿ ಕೇಳುತ್ತೇವೆ.