ಸಂತೆಯ ಬುಟ್ಟಿಯೂ ಸ್ವದೇಶೀ ಧರ್ಮವೂ

1905ರಲ್ಲಿ ವಂಗಭಂಗದ ಕಾಲಕ್ಕೆ ಎದ್ದ ಸ್ವದೇಶೀ ಚಳವಳಿಯು ಮುಂದೆ ಮಹಾತ್ಮಾ ಗಾಂಧಿಯವರ ಕೈಯಲ್ಲಿ ಖಾದಿಯ ರೂಪವನ್ನು ತಾಳಿ, ನೆರೆಯವನು ದುಡಿದು ತಂದುದನ್ನು ಮೊದಲು ಕೊಳ್ಳುವುದೇ ಧರ್ಮವೆಂದು ನಮಗೆ ಕಲಿಸಿತು. ಈ ತತ್ತ್ವವು ಉಡುವ ಬಟ್ಟೆಗೆ ಸಲ್ಲುವಂತೆ ಉಣ್ಣುವ ಅನ್ನಕ್ಕೂ ಸಲ್ಲತಕ್ಕದ್ದು. ರಾಯಚೂರು, ಮಾನ್ವಿ, ದೇವದುರ್ಗಗಳ ಪೌರರು ಸಂತೆಯಲ್ಲಿ ಇದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದ್ದಾರೆಂಬುದು ವಿಚಾರಣೀಯವಾಗಿದೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯ ಹಳೆಯ ಆಹಾರವು ಜೋಳ, ಸಜ್ಜೆ, ನವಣೆ, ತೊಗರಿ, ಶೇಂಗಾ ಮತ್ತು ಪುಂಡಿಪಲ್ಯಗಳು. ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿಯ ಕಡೆಗೂ, ಅನಂತರ ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗದ ಕಡೆಗೂ ನೀರನ್ನು ತಂದವು. ನೀರು ಬಂದುದು ಭಾಗ್ಯವೇ ಸರಿ. ಆದರೆ ಭತ್ತಕ್ಕೂ ಹತ್ತಿಗೂ ಗಿರಣಿಯುಂಟು, ದಲಾಲರುಂಟು, 1966ರ ಕಾಯಿದೆಯ ಮೇರೆಗೆ ಏರ್ಪಟ್ಟ ಕೃಷಿ ಮಾರುಕಟ್ಟೆಯ ಪ್ರಾಂಗಣವುಂಟು. ಎರಡು ಬುಟ್ಟಿ ಬದನೆಕಾಯಿ, ನಾಲ್ಕು ಸೇರು ಅಲಸಂದಿ, ಹತ್ತಾರು ಕಟ್ಟು ಮೆಂತ್ಯೆಪಲ್ಯವನ್ನು ತರುವ ಒಕ್ಕಲಗಿತ್ತಿಗೆ ಆ ಪ್ರಾಂಗಣದಿಂದ ಆಗತಕ್ಕ ಪ್ರಯೋಜನವೇನು? ಅವಳಿಗಿರುವುದು ಸಂತೆಯೊಂದೇ.

ಅಲ್ಲಿ ಅವಳು ನಮ್ಮಿಂದ ಪಡೆಯುವ ಮರ್ಯಾದೆಯನ್ನು ನೋಡಿರಿ. ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಮರುಮಾತಿಲ್ಲದೆ ತೆರುವ ಸುಶಿಕ್ಷಿತ ಗೃಹಸ್ಥರು, ಸೊಪ್ಪಿನ ಕಟ್ಟೊಂದಕ್ಕೆ ಗಳಿಗೆಗಟ್ಟಲೆ ಚೌಕಾಶಿ ಮಾಡುವರು. ಅವಳು ಒಪ್ಪಿದ ಮೇಲೂ ಕೊಸರು ಬೇಡುವರು. ಬಿಸಿಲೇರಿದಂತೆ ಸೊಪ್ಪು ಬಾಡುವುದು; ಊರಿಗೆ ಹಿಂದಿರುಗುವ ಕಡೆಯ ಬಸ್ಸಿನ ವೇಳೆ ಹತ್ತಿರವಾಗುವುದು. ಆಗ ಉಳಿದುದನ್ನು ಕೇಳಿದ ಬೆಲೆಗೆ ಮಾರಾಟಗಾರನಿಗೆ ಒಪ್ಪಿಸಿ ಹೋಗದೆ ಅವಳಿಗೆ ಗತ್ಯಂತರವಿಲ್ಲ. ಮರುದಿನ ಅದೇ ಸರಕನ್ನು ನಾವು ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ. ಇದರಲ್ಲಿ ಉಳಿತಾಯವೆಲ್ಲಿ ಬಂದಿತು?

ವರ್ತಕರನ್ನು ನಾವು ದೂಷಿಸುತ್ತಿಲ್ಲ. ದೂರದ ಆಲೂಗಡ್ಡೆ ಈರುಳ್ಳಿಗಳನ್ನು ತರಿಸುವುದಕ್ಕೂ, ನಮ್ಮ ಅಕ್ಕಿಯನ್ನು ಪರಸ್ಥಳಗಳಿಗೆ ಕಳುಹುವುದಕ್ಕೂ ಅವರು ಅವಶ್ಯವಾಗಿ ಬೇಕು. ಆದರೆ ಹತ್ತು ಮೈಲಿಯೊಳಗೆ ಬೆಳೆದ ಪಲ್ಯವು ಬೆಳೆದವಳ ಕೈಯಿಂದಲೇ ನಮ್ಮ ಚೀಲಕ್ಕೆ ಬೀಳುವುದು ಉಭಯರಿಗೂ ಹಿತ. ಪಟ್ಟಣದ ಸಂಬಳದ ಹಣವು ಹಳ್ಳಿಗೆ ತಿರುಗಿ ಹೋಗಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ರಾಯಚೂರು ಜಿಲ್ಲೆಯಲ್ಲಿ ಅಪೌಷ್ಟಿಕತೆಗೆ ಮಕ್ಕಳು ಬಲಿಯಾದ ವಾರ್ತೆಯು 2011ರಲ್ಲಿ ನಾಡನ್ನೇ ತಲ್ಲಣಗೊಳಿಸಿತ್ತು. ಎರಡು ನದಿಗಳ ನಡುವೆ ಅನ್ನ ಬೆಳೆಯುವ ನೆಲಕ್ಕೆ ಇದಕ್ಕಿಂತ ದೊಡ್ಡ ನಾಚಿಕೆ ಯಾವುದಿದೆ? ಕಾಳು ಕಾಯಿಪಲ್ಯಗಳಿಗೆ ನ್ಯಾಯವಾದ ಬೆಲೆ ದೊರೆತಲ್ಲಿ ಒಕ್ಕಲಿಗನು ಅವನ್ನು ಬೆಳೆಯುವನು. ಬೆಳೆದಲ್ಲಿ ಅವನ ಮಕ್ಕಳ ತಾಟಿಗೂ ಒಂದು ಪಾಲು ಬೀಳುವುದು.

ಇನ್ನು ಅಧಿಕಾರಿವರ್ಗದವರಿಗೆ ಎರಡು ಮಾತು. ನೆರೆಯ ಆಂಧ್ರದಲ್ಲಿ ರೈತು ಬಜಾರುಗಳೂ ತಮಿಳುನಾಡಿನಲ್ಲಿ ಉಳವರ ಸಂದೈಗಳೂ 1999ರಲ್ಲಿಯೇ ಆರಂಭವಾದವು. ಬೆಳೆದವರೇ ಮಾರತಕ್ಕದ್ದೆಂಬುದು ಅವುಗಳ ಮೂಲಸೂತ್ರ. ಬೀದಿ ವ್ಯಾಪಾರಿಗಳ 2014ರ ಕಾಯಿದೆಯು ಪಟ್ಟಣ ಸಮಿತಿಗಳಲ್ಲಿ ಶೇಕಡಾ 40ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೂ, ಅವುಗಳಲ್ಲಿ ಮೂರರಲ್ಲೊಂದು ಪಾಲನ್ನು ಸ್ತ್ರೀಯರಿಗೂ ವಿಧಿಸಿದೆ. ನಾವು ಕೇಳುವುದು ಬಹಳವಲ್ಲ: ಮೂರೂ ಊರುಗಳ ಸಂತೆಯಲ್ಲಿ ಬೆಳೆಗಾರರಿಗೆಂದೇ ಮೀಸಲಾದ ಒಂದು ಸಾಲು, ತಲೆಯ ಮೇಲೆ ನೆರಳು, ಕುಡಿಯಲು ನೀರು, ಹೆಂಗಸರಿಗೆ ಶೌಚಗೃಹ, ಮುದ್ರೆಯೊತ್ತಿದ ತೂಕ, ನೆಲಬಾಡಿಗೆಯ ದರವನ್ನು ಎಲ್ಲರಿಗೂ ಕಾಣುವಂತೆ ಬರೆದ ಫಲಕ. ಸರಕಾರೀ ವಸತಿಗೃಹಗಳ ಅಡಿಗೆಮನೆಗಳೂ ತಮ್ಮ ಕಾಯಿಪಲ್ಯವನ್ನು ಈ ಸಾಲಿನಿಂದಲೇ ಕೊಳ್ಳುವಂತಾಗಲಿ.

2023ನ್ನು ಜಗತ್ತೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಉತ್ಸವಗಳು ಮುಗಿದವು, ತೋರಣಗಳು ಬಾಡಿದವು; ಸಜ್ಜೆ ನವಣೆಗಳನ್ನು ಬಿತ್ತುವವನು ಮಾತ್ರ ಇನ್ನೂ ಕೊಳ್ಳುವವನ ದಾರಿಯನ್ನು ನೋಡುತ್ತಿದ್ದಾನೆ. ನೆರಳಿನ ವ್ಯವಸ್ಥೆಗೆ ಠರಾವು ಬೇಕಾಗಬಹುದು. ಚೌಕಾಶಿಯನ್ನು ಬಿಟ್ಟು ನ್ಯಾಯವಾದ ಬೆಲೆ ಕೊಡುವುದಕ್ಕೆ ಯಾವ ಠರಾವೂ ಬೇಡ. ಮುಂದಿನ ಸಂತೆಯ ದಿನವೇ ಪೌರರು ಇದನ್ನು ಆರಂಭಿಸುವರೆಂದು ಆಶಿಸುತ್ತೇವೆ.