ಮತ್ಸ್ಯಕನ್ಯೆಯ ಬಾಲ ಕೊಳ್ಳುವವರಿಗೆ

ಮಕ್ಕಳು ಹಬ್ಬಕ್ಕೆ ಗೆಜ್ಜೆ ಕೇಳುತ್ತಾರೆ, ಜಾತ್ರೆಯಲ್ಲಿ ಬಲೂನು ಕೇಳುತ್ತಾರೆ, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸೈಕಲ್ಲು ಕೇಳುತ್ತಾರೆ. ಮೀನಿನ ಬಾಲ ಕೇಳುವ ಕಾಲವೂ ಬಂದಿತೆಂಬುದನ್ನು ಗೆಟ್ಟವಾಡಿಯ ವಾಚಕಿಯೊಬ್ಬರ ಪತ್ರದಿಂದ ತಿಳಿದೆವು. ಅವರ ಹತ್ತು ವರ್ಷದ ಮಗಳು, ಸೊಂಟದಿಂದ ಕೆಳಗೆ ಹೊಳೆಯುವ ಬಾಲ ತೊಟ್ಟು ನೀರೊಳಗೆ ತೇಲಾಡುವ ಹುಡುಗಿಯರನ್ನು ಮೊಬೈಲಿನಲ್ಲಿ ಕಂಡಿದ್ದಾಳೆ. ಬೆಂಗಳೂರಿನಲ್ಲಿರುವ ಸೋದರಮಾವನು ಬೇಸಗೆಯ ರಜಕ್ಕೆ ಕರೆಸಿಕೊಂಡು, ತಮ್ಮ ವಸತಿ ಸಮುಚ್ಚಯದ ಈಜುಗೊಳದಲ್ಲಿ ಆಡಲು ಅಂಥದೊಂದನ್ನು ಕೊಡಿಸುವುದಾಗಿ ಮಾತು ಕೊಟ್ಟಿದ್ದಾನೆ. ನೂರು ಬಗೆಯ ಚಿತ್ರಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ತಾಯಿಯ ಪ್ರಶ್ನೆ. ಪತ್ರದ ಕಡೆಯಲ್ಲಿ ಒಂದು ಸಾಲಿದೆ: ಅವಳಿಗೆ ಈಜು ಬಾರದು. ನಮ್ಮ ಉತ್ತರವು ಆ ಸಾಲಿನಿಂದಲೇ ಹೊರಡಬೇಕಾಗಿದೆ; ಆದರೂ ಕೇಳಿದ್ದಕ್ಕೆ ಮೊದಲು ಉತ್ತರ ಕೊಡುವುದು ಮರ್ಯಾದೆ.

ಅಂಗಡಿಯವರು ಒಂದೇ ಹೆಸರಿನಿಂದ ಮಾರುವ ಈ ಬಾಲದಲ್ಲಿ ಎರಡು ಭಾಗಗಳಿವೆ. ಹೊರಗೆ ಕಾಣುವುದು ಎರಡು ಕಾಲುಗಳನ್ನೂ ಒಂದೇ ಚೀಲದೊಳಗೆ ಸೇರಿಸುವ ಹೊದಿಕೆ. ಈಜುಡುಗೆಗೆ ಬಳಸುವ, ಎಳೆದರೆ ಹಿಗ್ಗುವ ನೈಲಾನ್-ಸ್ಪ್ಯಾಂಡೆಕ್ಸ್ ಬಟ್ಟೆಯ ಮೇಲೆ ಮೀನಿನ ಹುರುಪೆಯ ಅಚ್ಚು. ಒಳಗೆ ಅಡಗಿರುವುದು ಜೋಡಿ ಪಾದಗಳನ್ನು ತೂರಿಸುವ, ಬೀಸಣಿಗೆಯಂತೆ ಅಗಲವಾದ ಒಂದೇ ರೆಕ್ಕೆ. ಇದಕ್ಕೆ ಮೊನೊಫಿನ್ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದ ಈಜುಪಟುಗಳು ಪಂದ್ಯಕ್ಕಾಗಿ ರೂಪಿಸಿಕೊಂಡ ಸಾಧನವಿದು. ಆಟದ ಸಾಮಾನಾದದ್ದು ಆಮೇಲೆ. ನೀರನ್ನು ತಳ್ಳುವ ಕೆಲಸವೆಲ್ಲ ಈ ರೆಕ್ಕೆಯದು, ಬಟ್ಟೆಯದಲ್ಲ. ರೆಕ್ಕೆಯಿಲ್ಲದ ಬರಿಯ ಬಟ್ಟೆಯ ಬಾಲವೂ ಅಗ್ಗದ ದರಕ್ಕೆ ದೊರೆಯುತ್ತದೆ. ಅದು ದಡದ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳಲು ಸಾಕು. ನೀರಿಗಿಳಿದರೆ ಒದ್ದೆ ಪಂಚೆಯಂತೆ ಕಾಲಿಗೆ ಸುತ್ತಿಕೊಳ್ಳುವುದಲ್ಲದೆ ಒಂದು ಮೊಳವೂ ಮುಂದೆ ಒಯ್ಯದು. ಇನ್ನೊಂದು ತುದಿಯಲ್ಲಿ ಸಿಲಿಕೋನಿನಿಂದ ಎರಕ ಹೊಯ್ದ, ನಟನಟಿಯರು ತೊಡುವ ಬಾಲಗಳಿವೆ. ಅವು ನೋಡಲು ಸಾಕ್ಷಾತ್ ಮೀನು. ತೂಕ 15 ಕಿಲೋಗ್ರಾಂ ದಾಟುವುದುಂಟು. ಹತ್ತು ವರ್ಷದ ಹುಡುಗಿಯ ಮಟ್ಟಿಗೆ ಅದು ಸೊಂಟಕ್ಕೆ ಕಟ್ಟಿದ ಕಲ್ಲು.

ಹಾಗಾದರೆ ಆರಿಸಬೇಕಾದುದು ನಡುವಣದು: ಬಟ್ಟೆಯ ಹೊದಿಕೆ, ಒಳಗೆ ಮೆತುವಾದ, ಚಿಕ್ಕ ರೆಕ್ಕೆ. ಪಂದ್ಯದವರು ಬಳಸುವ ಗಟ್ಟಿ ನಾರುಗಾಜಿನ ಅಗಲ ರೆಕ್ಕೆ ಎಳೆಯ ಕೀಲುಗಳಿಗೆ ಹೇಳಿಸಿದ್ದಲ್ಲ. ಇಲ್ಲಿ ನಮ್ಮ ಮನೆಗಳ ಒಂದು ಚಾಳಿಯನ್ನು ಹೇಳಲೇಬೇಕು. ಬರುವ ವರ್ಷಕ್ಕೂ ಆಗಲೆಂದು ಸಮವಸ್ತ್ರವನ್ನು ಎರಡು ಬೆರಳು ದೊಡ್ಡದಾಗಿ ಹೊಲಿಸುತ್ತೇವೆ, ಚಪ್ಪಲಿಯನ್ನು ಒಂದು ನಂಬರು ಹೆಚ್ಚಾಗಿ ತರುತ್ತೇವೆ. ಬಾಲದ ವಿಷಯದಲ್ಲಿ ಈ ಮಿತವ್ಯಯ ಸಲ್ಲದು. ಸಡಿಲವಾದ ರೆಕ್ಕೆಯೊಳಗೆ ಪಾದ ಜಾರಿ ಹಿಮ್ಮಡಿ ತರಚುತ್ತದೆ. ಸಡಿಲವಾದ ಹೊದಿಕೆ ನೀರು ಕುಡಿದು ಮೊಣಕಾಲಿನ ಬಳಿ ಮುದ್ದೆಯಾಗಿ ಹಿಂದಕ್ಕೆ ಜಗ್ಗುತ್ತದೆ. ಒಣಗಿದ್ದಾಗ ಮೈಗೆ ಹತ್ತಿಕೊಂಡಿರುವ ಬಟ್ಟೆಯೇ ನೆನೆದಾಗ ಸರಿಹೋಗುವುದು. ಬಿಗಿಯೂ ಅತಿಯಾಗಬಾರದು, ಬೆರಳು ಮರಗಟ್ಟುವಷ್ಟು ಒತ್ತಬಾರದು.

ಬಣ್ಣದ ಬಗೆಗೆ ಮಗಳಿಗೂ ನಮಗೂ ಭಿನ್ನಾಭಿಪ್ರಾಯ ಬರಬಹುದು. ಚಿತ್ರಗಳಲ್ಲಿ ಮೋಹಕವಾಗಿ ಕಾಣುವುದು ನೀಲಿ ಮತ್ತು ಹಸುರು. ನೀರಿನಲ್ಲಿ ನೀಲಿ ನೀರಾಗುತ್ತದೆ, ಹಸುರು ಪಾಚಿಯಾಗುತ್ತದೆ. ದಡದಲ್ಲಿರುವವರ ಕಣ್ಣಿಗೆ ಮಗು ಕಾಣುವುದೇ ಇಲ್ಲ. ಕಿತ್ತಳೆ, ಹಳದಿ, ಇಲ್ಲವೆ ಕೆಂಡಸಂಪಿಗೆಯ ಬಣ್ಣವನ್ನು ಹಟ ಹಿಡಿದು ಆರಿಸಿ. ಸೊಂಟದಲ್ಲಿ ಎಲಾಸ್ಟಿಕ್ ಮಾತ್ರ ಇರಲಿ. ಬೆನ್ನ ಹಿಂದೆ ಜಿಪ್ಪು ಎಳೆಯುವ, ದಾರ ಹೆಣೆದು ಬಿಗಿಯುವ ನಮೂನೆಗಳು ಎಷ್ಟೇ ಚೆಲುವಾಗಿದ್ದರೂ ಬೇಡ. ತೊಡುವವಳು ಯಾರ ನೆರವೂ ಇಲ್ಲದೆ, ನೀರಿನಲ್ಲಿರುವಾಗಲೇ, ಕ್ಷಣಾರ್ಧದಲ್ಲಿ ಕಳಚಿಕೊಳ್ಳಲು ಬರುವಂಥದು ಬಾಲ; ಬಾರದಿದ್ದರೆ ಅದು ಬೇಡಿ. ಎಲ್ಲ ಗುಣಗಳಿಗಿಂತ ಈ ಒಂದು ಗುಣವನ್ನು ನಾವು ಮೇಲಾಗಿ ಎಣಿಸುತ್ತೇವೆ.

ಮೇಲರ್ಧ ಒಂದು, ಕೆಳಗರ್ಧ ಇನ್ನೊಂದು ಎಂಬ ದೇಹದ ಕಲ್ಪನೆ ಗಡಿಯವರಾದ ನಮಗೆ ಅಪರಿಚಿತವೇನಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿ ತಾಳವಾಡಿ ಮದರಾಸಿನಲ್ಲಿ ಉಳಿದಂದಿನಿಂದ ನಮ್ಮ ನಾಲಗೆ ಕನ್ನಡದ್ದು, ಪಡಿತರ ಚೀಟಿ ತಮಿಳಿನದು! ಮತ್ಸ್ಯಾವತಾರದ ವಿಷ್ಣುವನ್ನು ಶಿಲ್ಪಿಗಳು ಮೇಲೆ ದೇವರಾಗಿ, ಕೆಳಗೆ ಮೀನಾಗಿ ಕಡೆದಿದ್ದಾರೆ. ಮಹಾಭಾರತದ ಮತ್ಸ್ಯಗಂಧಿಗೆ ಹಲವರು ಬಾಲ ಹಚ್ಚಿ ಹೇಳುತ್ತಾರಾದರೂ ಆಕೆ ಮೀನಿನ ಬಸಿರಿನಲ್ಲಿ ಹುಟ್ಟಿ ಯಮುನೆಯಲ್ಲಿ ದೋಣಿ ನಡೆಸಿದ ಪೂರ್ಣ ಮನುಷ್ಯಳು. ನಿಜವಾದ ಬಾಲದವಳು ಸಿಗುವುದು ಥಾಯ್ ದೇಶದ ರಾಮಾಯಣದಲ್ಲಿ. ರಾವಣನ ಮಗಳಾದ ಆಕೆ ಸೇತುವೆಯ ಕಲ್ಲುಗಳನ್ನು ಕದಿಯಲು ಬಂದು ಹನುಮಂತನಿಗೆ ಮನಸೋಲುತ್ತಾಳೆ. ಆಕೆಯ ಹೆಸರು ಸುವರ್ಣಮಚ್ಛಾ. ನಮ್ಮ ನೆರೆಯ ಹೊಳೆ ಸುವರ್ಣಾವತಿ. ಹೆಸರುಗಳ ನಂಟು ಇಷ್ಟೇ, ಆದರೂ ಮಗಳಿಗೆ ಹೇಳಿದರೆ ಹಿಗ್ಗಿಯಾಳು.

ಈ ಬಾಲದ ಬಗೆಗೆ ಕಥೆಗಿಂತಲೂ ಉಪಯುಕ್ತವಾದುದು ಒಂದು ಪ್ರಾಣಿಯ ಸಂಗತಿ. ಮೀನು ಬಾಲವನ್ನು ಎಡಬಲಕ್ಕೆ ಆಡಿಸುತ್ತದೆ. ಮತ್ಸ್ಯಕನ್ಯೆಯ ಬಾಲವಾದರೋ ಅಡ್ಡಲಾಗಿ ಹರಡಿ ಮೇಲೆ ಕೆಳಗೆ ಆಡುವುದು, ಎಂದರೆ ತಿಮಿಂಗಿಲ, ಡಾಲ್ಫಿನ್, ಕಡಲಹಸುಗಳ ಬಾಲ. 1493ರಲ್ಲಿ ಕೊಲಂಬಸನು ಕಂಡೆನೆಂದು ಬರೆದಿಟ್ಟ ಮತ್ಸ್ಯಕನ್ಯೆಯರು ಕಡಲಹಸುವಿನ ಬಳಗದ ಪ್ರಾಣಿಗಳೆಂದು ಪ್ರಾಜ್ಞರ ಮತ. ಅದೇ ಬಳಗದ ಜೀವಿ ನಮ್ಮ ರಾಜ್ಯದ ಕಡಲಲ್ಲೇ ಹುಲ್ಲು ಮೇಯುತ್ತಿದೆ. ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರಿನಷ್ಟು ಕಡಲನ್ನು ತಮಿಳುನಾಡು ಸರಕಾರ 2022ರಲ್ಲಿ ಅದರ ರಕ್ಷಣೆಗೆಂದು ಮೀಸಲಿಟ್ಟಿತು. ಇದರಿಂದ ಕಲಿಯುವವರಿಗೆ ತಿಳಿಯಬೇಕಾದದ್ದೇನೆಂದರೆ, ಬಾಲವನ್ನು ಆಡಿಸುವುದು ಮೊಣಕಾಲಲ್ಲ. ಅಲೆಯು ಎದೆಯಲ್ಲಿ ಹುಟ್ಟಿ ಸೊಂಟಕ್ಕೆ ಇಳಿದು ತೊಡೆಯ ಮೂಲಕ ಪಾದವನ್ನು ಮುಟ್ಟಬೇಕು. 1952ರಲ್ಲಿ ಪ್ರತ್ಯೇಕ ಶೈಲಿಯೆಂದು ಮನ್ನಣೆ ಪಡೆದ ಬಟರ್‌ಫ್ಲೈ ಈಜಿನಲ್ಲಿ ಇದನ್ನೇ ಡಾಲ್ಫಿನ್ ಒದೆತವೆನ್ನುತ್ತಾರೆ. ಇದನ್ನು ಕಲಿಯಲು ಒಂದು ಕಾಸಿನ ಬಾಲವೂ ಬೇಡ. ಕಾಲುಗಳೆರಡನ್ನು ಜೋಡಿಸಿಕೊಂಡು, ಗೊಳದ ಅಂಚನ್ನು ಹಿಡಿದು, ಬರಿಮೈಯಲ್ಲೇ ಕಲಿಯಬಹುದು. ಬೇಕೆಂದಾಗ ಬಿಡಿಸಿಕೊಳ್ಳಬಲ್ಲ ಕಾಲುಗಳಿಂದ ಮೊದಲು ಕಲಿಯುವುದೇ ಕ್ಷೇಮ.

ಏಕೆಂದರೆ ಬಾಲ ತೊಟ್ಟವಳಿಗೆ ನಿಲ್ಲಲು ಬಾರದು, ನಡೆಯಲು ಬಾರದು, ಮೆಟ್ಟಿಲು ಹತ್ತಲು ಬಾರದು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಈಜು ಬಲ್ಲ ಮಕ್ಕಳಿಗೇ ಇವನ್ನು ತೊಡಿಸಿ ಪರೀಕ್ಷಿಸಿದಾಗ ಅವರ ಈಜಿನ ಸಾಮರ್ಥ್ಯ ಬರಿಯ ರೆಕ್ಕೆಯಲ್ಲಿ ಶೇ. 70ರಷ್ಟು, ಪೂರ್ಣ ಬಾಲದಲ್ಲಿ ಶೇ. 60ರಷ್ಟು ಕುಗ್ಗಿತು. ಕೆನಡದ ಎಡ್ಮಂಟನ್ ನಗರ 2015ರಲ್ಲಿ ತನ್ನ ಸಾರ್ವಜನಿಕ ಈಜುಗೊಳಗಳಲ್ಲಿ ಇವನ್ನು ನಿಷೇಧಿಸಿತು. ನಿಷೇಧ ನಮಗೆ ಅಷ್ಟು ರುಚಿಸುವುದಿಲ್ಲ; ಆದರೆ ಅಂಗಡಿಯ ಚಿತ್ರದಲ್ಲಿ ನಗುವ ಹುಡುಗಿಯ ಪಕ್ಕದಲ್ಲಿ ಈ ಅಂಕೆಗಳನ್ನೂ ಅಚ್ಚು ಹಾಕಿದ್ದರೆ ಚೆನ್ನಾಗಿತ್ತು.

ಈಗ ಪತ್ರದ ಕಡೆಯ ಸಾಲಿಗೆ ಬರುತ್ತೇವೆ. ಗೆಟ್ಟವಾಡಿಯ ಹತ್ತು ವರ್ಷದ ಹುಡುಗಿಗೆ ಈಜು ಏಕೆ ಬಾರದು? ಭವಾನಿ ಘಟ್ಟದ ಕೆಳಗೆ, ಸುವರ್ಣಾವತಿಯ ಜಲಾಶಯ ಗಡಿಯ ಆಚೆ. ನಮ್ಮ ಸೀಮೆಯಲ್ಲಿ ಈಜುಗೊಳವೆಂದರೆ ತೋಟದ ಬಾವಿ. ಅಲ್ಲಿ ಗಂಡುಹುಡುಗರು ಒಣಗಿದ ಸೋರೆಬುರುಡೆಯನ್ನೋ ಲಾರಿಯ ಟ್ಯೂಬನ್ನೋ ಕಟ್ಟಿಕೊಂಡು, ಹಿರಿಯನೊಬ್ಬ ಸೊಂಟಕ್ಕೆ ಹಗ್ಗ ಬಿಗಿದು ಮೇಲಿನಿಂದ ಹಿಡಿದಿರಲು, ಒಂದು ಬೇಸಗೆಯಲ್ಲಿ ಕಲಿತುಬಿಡುತ್ತಾರೆ. ಅದೇ ಮನೆಯ ಹೆಣ್ಣುಮಗಳು ಅದೇ ಬಾವಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಾಳೆ, ಕೊಡ ತುಂಬುತ್ತಾಳೆ, ತಮ್ಮನಿಗೆ ಟವೆಲು ಹಿಡಿದು ನಿಲ್ಲುತ್ತಾಳೆ. ನೀರಿನ ಅಂಚಿನಲ್ಲಿ ದಿನವೂ ಓಡಾಡುವವಳು ಅವಳು. ನೀರು ಕಲಿಯದವಳೂ ಅವಳೇ. ಸೋದರಮಾವ ಸೊಪ್ಪಿನ ಗುಡ್ಲು ಹಾಕುವ ವಯಸ್ಸು ಬಂದಿತೆಂದರೆ ಕಲಿಸುವ ಮಾತೇ ಮುಗಿಯಿತು. ಕಾಲು ಜಾರಿದ ದಿನ ನೀರು ಗಂಡು ಹೆಣ್ಣು ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಶಾಲಾ ವಯಸ್ಸಿನ ಮಕ್ಕಳಿಗೆಲ್ಲ ಈಜು ಕಲಿಸಬೇಕೆಂಬುದು ಆ ಸಂಸ್ಥೆಯ ಸಲಹೆಗಳಲ್ಲೊಂದು.

ಆದುದರಿಂದ ಬಾಲದ ಆಸೆಯನ್ನು ಹುಚ್ಚೆಂದು ಗದರಿಸಬೇಡಿ ಎಂದು ಆ ತಾಯಿಯಲ್ಲಿ ನಮ್ಮ ವಿನಂತಿ. ನಮ್ಮ ಊರುಗಳ ಹೆಣ್ಣುಮಕ್ಕಳು ತಾವಾಗಿ ನೀರಿಗಿಳಿಯಬೇಕೆಂದು ಕೇಳುವುದು ಅಪರೂಪ, ಕೇಳಿದವಳಿಗೆ ಇಲ್ಲವೆನ್ನಬಾರದು. ಸಿಡ್ನಿಯಲ್ಲಿ 1886ರಲ್ಲಿ ಹುಟ್ಟಿದ ಆನೆಟ್ ಕೆಲರ್ಮನ್ ಎಂಬಾಕೆಗೆ ಬಾಲ್ಯದಲ್ಲಿ ಕಾಲುಗಳು ಸೊಟ್ಟಗಾಗಿ ಉಕ್ಕಿನ ಪಟ್ಟಿಗಳನ್ನು ಕಟ್ಟಿದ್ದರು. ಕಾಲಿಗೆ ಬಲ ಬರಲೆಂದು ಈಜು ಕಲಿಸಿದರು. ಆಕೆ ಹೆಸರಾಂತ ಈಜುಗಾರ್ತಿಯಾಗಿ, 1911ರ ಚಲನಚಿತ್ರವೊಂದರಲ್ಲಿ ಮತ್ಸ್ಯಕನ್ಯೆಯ ಉಡುಪು ತೊಟ್ಟು ನಿಜವಾಗಿ ಈಜಿದಳು. ಈಜು ಮೊದಲು, ಬಾಲ ಅನಂತರ; ಕ್ರಮ ಅಲ್ಲಿಂದಲೂ ಹೀಗೆಯೇ ಇದೆ.

ಸೋದರಮಾವನು ಕೊಡಿಸುವ ಉಡುಗೊರೆ ಈ ಬೇಸಗೆಗೆ ಈಜುಡುಗೆ, ಕನ್ನಡಕ ಮತ್ತು ತರಬೇತಿಯ ಶುಲ್ಕವಾಗಲಿ. ಬಾಲದ ಮಾತನ್ನು ಹಿಂತೆಗೆದುಕೊಳ್ಳುವುದು ಬೇಡ, ಅದಕ್ಕೊಂದು ಪರೀಕ್ಷೆ ಗೊತ್ತುಮಾಡಲಿ. ನಿಲ್ಲದೆ 25 ಮೀಟರು ಈಜಬೇಕು. ಕಾಲಾಡಿಸದೆ ಕೈಗಳಿಂದಷ್ಟೇ ತಲೆಯನ್ನು ನೀರಿನ ಮೇಲೆ ಇರಿಸಿಕೊಳ್ಳಬೇಕು. ಅಂಗಾತ ತೇಲಿ ಉಸಿರು ಸುಧಾರಿಸಿಕೊಳ್ಳಬೇಕು. ಇವು ಮೂರೂ ಬಂದ ದಿನ ಬಾಲ ಬರಲಿ. ಬಂದ ದಿನ ಮೊದಲ ಪಾಠ, ಸೊಂಟಮಟ್ಟದ ನೀರಿನಲ್ಲಿ ಕುಳಿತು ಅದನ್ನು ಕಳಚುವುದು; ಕಣ್ಣು ಮುಚ್ಚಿಯೂ ಕಳಚಲು ಬರುವತನಕ ಆಳಕ್ಕೆ ಹೋಗಕೂಡದು. ನೀರಿನಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿ ಈಜು ಬಲ್ಲ ಹಿರಿಯರೊಬ್ಬರು ಇರಬೇಕು. ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರ ತೆಗೆಯುವ ಹಿರಿಯರು ಲೆಕ್ಕಕ್ಕಿಲ್ಲ. ಹೆಚ್ಚು ಹೊತ್ತು ಮುಳುಗಿರಲೆಂದು ಮುಂಚಿತವಾಗಿ ದೀರ್ಘವಾಗಿ, ಬಿರುಸಾಗಿ ಉಸಿರೆಳೆದುಕೊಳ್ಳುವ ಆಟವನ್ನು ಮಕ್ಕಳು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡು ತಗ್ಗಿ, ಉಸಿರು ಬೇಕೆಂಬ ಎಚ್ಚರಿಕೆಯೇ ಹುಟ್ಟದೆ, ನೀರೊಳಗೇ ಪ್ರಜ್ಞೆ ತಪ್ಪುವುದುಂಟು. ಅದನ್ನು ಖಂಡಿತವಾಗಿ ತಡೆಯಿರಿ.

ರಜ ಮುಗಿದು ಬಾಲವು ಪೆಟ್ಟಿಗೆಯಲ್ಲಿ ಗೆಟ್ಟವಾಡಿಗೆ ಬಂದಾಗ ಇನ್ನೊಂದು ಸಂಕಟ ಎದುರಾಗುತ್ತದೆ. ಗೆಳತಿಯರಿಗೆ ತೋರಿಸಬೇಕೆಂದು ಮಗಳು ಬಾವಿಯ ಕಡೆ ನೋಡುತ್ತಾಳೆ. ಬಾವಿಗೆ ಈ ಬಾಲ ಎಂದೆಂದಿಗೂ ಕೂಡದು. ಅಲ್ಲಿ ನಿಲ್ಲಲು ನೆಲವಿಲ್ಲ, ಕಲ್ಲಿನ ಮೆಟ್ಟಿಲನ್ನು ಬಾಲದಿಂದ ಹತ್ತಲಾಗದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಇನ್ನೂ ಕೆಟ್ಟದ್ದು. ಅದರ ಇಳಿಜಾರು ಎಷ್ಟು ನುಣುಪೆಂದರೆ ಕಾಲಿರುವ, ಈಜು ಬಲ್ಲ ಗಂಡಸೂ ಮೇಲೇರಲಾರದೆ ಸೋಲುತ್ತಾನೆ. ಹೊಂಡವುಳ್ಳ ವಾಚಕರು ಸುತ್ತ ಬೇಲಿ ಹಾಕಿಸಿ, ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಬೇಕೆಂದು ಈ ಸಂದರ್ಭದಲ್ಲೇ ಹೇಳಿಬಿಡುತ್ತೇವೆ.

ಅಳತೆಯ ವಿಷಯ ಒಂದು ಉಳಿಯಿತು. ಕಳುಹಿಸಬೇಕಾದವು ಸೊಂಟ, ಪೃಷ್ಠ, ಕಣಕಾಲುಗಳ ಸುತ್ತಳತೆ, ಸೊಂಟದಿಂದ ನೆಲದವರೆಗಿನ ಉದ್ದ ಮತ್ತು ಪಾದದ ಉದ್ದ. ಪಾದವನ್ನು ಸಂಜೆಯ ಹೊತ್ತು ಅಳೆಯಿರಿ, ದಿನವೆಲ್ಲ ಓಡಾಡಿದ ಕಾಲು ತುಸು ಊದಿರುತ್ತದೆ. ಎರಡು ಪಾದಗಳನ್ನೂ ಅಳೆದು ದೊಡ್ಡದನ್ನು ಬರೆಯಿರಿ. ಇದೆಲ್ಲ ಪರೀಕ್ಷೆ ತೇರ್ಗಡೆಯಾದ ಮೇಲೆ. ಅಷ್ಟರೊಳಗೆ ಪಾದ ಬೆಳೆದಿರುತ್ತದೆ.