ಉಸಿರಿಗೂ ಒಂದು ಭಾಷೆ ಇದೆ, ಡಾಕ್ಟರೇ!



ನಾನು ಭಾಷಣಕಾರನಲ್ಲ, ಡಾಕ್ಟರೂ ಅಲ್ಲ. ಪಿಯುಸಿ ಓದಿ ಅಪ್ಪನ ಪ್ರೆಸ್ಸಿನಲ್ಲಿ ಕುಳಿತವನು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ ಅಚ್ಚು ಹಾಕಿ ಅನ್ನ ತಿನ್ನುವವನು. ಕಣ್ಣಾರೆ ಕಂಡದ್ದೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ತಾಳ್ಮೆಯಿಂದ ಓದಿ.

ನಮ್ಮ ಪ್ರೆಸ್ಸಿನಲ್ಲಿ ಮಷೀನ್ ನಡೆಸುತ್ತಿದ್ದ ಹಿರಿಯರೊಬ್ಬರಿದ್ದಾರೆ. ಚಿಕ್ಕಂದಿನಿಂದ ನಾನು ಅವರನ್ನು ‘ಮಾವ’ ಎಂದೇ ಕರೆಯುವುದು. 1982ರ ಗೋಕಾಕ್ ಚಳವಳಿಯ ಕರಪತ್ರಗಳಿಗೆ ನಮ್ಮಪ್ಪ ಮೊಳೆ ಜೋಡಿಸಿಕೊಟ್ಟರೆ, ರಾತ್ರಿಯಿಡೀ ಟ್ರೆಡಲ್ ತುಳಿದು ಅಚ್ಚು ತೆಗೆದವರು ಅವರು. ಕನ್ನಡಕ್ಕಾಗಿ ಬೆವರು ಸುರಿಸಿದ ಆ ಜೀವ 2023ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಮಲಗಿತ್ತು. ಬೀಡಿಯಿಂದ ಹಾಳಾದ ಶ್ವಾಸಕೋಶ, ಅದರ ಮೇಲೆ ನ್ಯುಮೋನಿಯಾ. ಬಾಯೊಳಗೆ ಕೊಳವೆ, ಪಕ್ಕದಲ್ಲಿ ವೆಂಟಿಲೇಟರ್. ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು.

ಯಾಕೆ ಕಟ್ಟಿದ್ದೀರಿ ಎಂದು ಕೇಳಿದೆ. ಅಲ್ಲಿದ್ದವರು ಒಬ್ಬ ಎಳೆಯ ಡಾಕ್ಟರು. ಉತ್ತರದ ರಾಜ್ಯದಿಂದ ಉನ್ನತ ತರಬೇತಿಗೆಂದು ಬಂದು ಮೂರು ವಾರವಾಗಿತ್ತಷ್ಟೆ. ‘ಪೇಷೆಂಟಿಗೆ ಬುದ್ಧಿ ಗೊಂದಲವಾಗಿದೆ, ಹೇಳಿದ್ದು ತಿಳಿಯುತ್ತಿಲ್ಲ, ಕೊಳವೆ ಕಿತ್ತುಕೊಂಡರೆ ಪ್ರಾಣಕ್ಕೆ ಅಪಾಯ’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಾತಿನಲ್ಲಿ ಸೊಕ್ಕಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣುಗಳು.

ಬುದ್ಧಿ ಗೊಂದಲವಾಗಿದೆ ಎಂದು ಹೇಗೆ ತಿಳಿಯಿತು? ಅದಕ್ಕೊಂದು ಪರೀಕ್ಷೆ ಇದೆ. ಅಮೆರಿಕದ ವೈದ್ಯರು ರೂಪಿಸಿ 2001ರಲ್ಲಿ ಪ್ರಕಟಿಸಿದ್ದು, ಇಂದು ಜಗತ್ತಿನ ಐಸಿಯುಗಳಲ್ಲೆಲ್ಲ ಬಳಕೆಯಲ್ಲಿದೆ. ಮಾತಾಡಲಾಗದ ರೋಗಿಯ ಮುಂದೆ ವೈದ್ಯರು ಇಂಗ್ಲಿಷಿನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ. ‘ಎ’ ಎಂದಾಗಲೆಲ್ಲ ರೋಗಿ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಎಂದು ಲೆಕ್ಕ. ಆಮೇಲೆ ಹೌದು-ಅಲ್ಲ ಎನ್ನಬೇಕಾದ ಪ್ರಶ್ನೆಗಳು: ಕಲ್ಲು ನೀರಿನ ಮೇಲೆ ತೇಲುತ್ತದೆಯೇ? ಸಮುದ್ರದಲ್ಲಿ ಮೀನು ಇರುತ್ತದೆಯೇ? ಪರೀಕ್ಷೆ ಒಳ್ಳೆಯದೇ. ಆದರೆ ನಮ್ಮ ಮಾವನಿಗೆ ಇಂಗ್ಲಿಷಿನ ಅಕ್ಷರ ಬಾರದು, ಹಿಂದಿಯಂತೂ ಬಾರದೇ ಬಾರದು. ಕೇಳಿದ್ದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಅವರು ಏನೆಂದು ಅದುಮಬೇಕು ಹೇಳಿ!

ಆಗ ಬಂದವರು ಒಬ್ಬ ಸಿಸ್ಟರ್. ಕೇರಳದ ಹೆಣ್ಣುಮಗಳು, ಇಲ್ಲಿ ಆರು ವರ್ಷ ದುಡಿದು ಕನ್ನಡ ಕಲಿತವರು. ಮಾವನ ಕಿವಿಯ ಹತ್ತಿರ ಬಗ್ಗಿ, ‘ತಾತಾ, ಕಲ್ಲು ನೀರಲ್ಲಿ ತೇಲುತ್ತಾ?’ ಎಂದರು. ಮಾವ ಕಣ್ಣು ಬಿಟ್ಟು, ಇಲ್ಲವೆಂದು ತಲೆಯಾಡಿಸಿದರು. ‘ನಾನು ಕ ಅಂದಾಗ ಮಾತ್ರ ಕೈ ಅದುಮಬೇಕು’ ಎಂದರು. ಒಂದೂ ತಪ್ಪಲಿಲ್ಲ. ಜೀವಮಾನವೆಲ್ಲ ಕನ್ನಡದ ಅಕ್ಷರ ಅಚ್ಚು ಹಾಕಿದ ಕೈ ಅದು, ಹೇಗೆ ತಪ್ಪೀತು? ಆ ಡಾಕ್ಟರು ತಾವೇ ನಿಂತು ಕೈಗಳ ಕಟ್ಟು ಬಿಚ್ಚಿದರು. ಅವರ ಮುಖ ಸಣ್ಣದಾಗಿತ್ತು.

ಗೆಳೆಯರೇ, ಇದು ಬರೀ ಸಂಕಟದ ಕಥೆ ಎಂದುಕೊಳ್ಳಬೇಡಿ. ಇದರ ಹಿಂದೆ ವಿಜ್ಞಾನವಿದೆ. ವೆಂಟಿಲೇಟರಿನಲ್ಲಿರುವವರಿಗೆ ಮಂಪರಿನ ಔಷಧಿ ಕೊಡುತ್ತಾರೆ. ಅದನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರೆ ಏನಾಗುತ್ತದೆ ಎಂದು ಷಿಕಾಗೋದ ವೈದ್ಯರು 128 ರೋಗಿಗಳಲ್ಲಿ ನೋಡಿ, 2000ದಲ್ಲಿ ಪ್ರಕಟಿಸಿದರು. ವೆಂಟಿಲೇಟರಿನಲ್ಲಿ ಕಳೆಯುವ ಕಾಲ ಸುಮಾರು 7 ದಿನದಿಂದ 5 ದಿನಕ್ಕೆ ಇಳಿದಿತ್ತು. ಎಚ್ಚರವಾಗಿದೆ ಎಂದು ತಿಳಿಯುವುದು ಹೇಗೆ? ಕಣ್ಣು ಬಿಡಿ, ಕೈ ಹಿಡಿಯಿರಿ, ನಾಲಿಗೆ ಚಾಚಿ ಎಂದು ಹೇಳಿ ನೋಡಬೇಕು. ಹೇಳುವುದು ಯಾವ ಭಾಷೆಯಲ್ಲಿ? ಭಾಷೆ ತಿಳಿಯದೆ ಸುಮ್ಮನಿದ್ದವನನ್ನು ಗೊಂದಲದವನೆಂದು ಬರೆದುಕೊಂಡರೆ ಮತ್ತೆ ಮಂಪರು, ಮತ್ತೆ ವೆಂಟಿಲೇಟರ್, ಮತ್ತೆ ಸೋಂಕಿನ ಭಯ. ಮತ್ತೆ ಮನೆಯವರ ತಲೆಯ ಮೇಲೆ ಐಸಿಯು ಬಿಲ್ಲು!

ಈ ವೈದ್ಯರ ತರಬೇತಿ ಸಣ್ಣದಲ್ಲ. ಐದೂವರೆ ವರ್ಷ ಎಂಬಿಬಿಎಸ್, ಮೂರು ವರ್ಷ ಎಂಡಿ, ಅದರ ಮೇಲೆ ಶ್ವಾಸಕೋಶ ಅಥವಾ ತೀವ್ರ ನಿಗಾ ವಿಭಾಗದಲ್ಲಿ ಮೂರು ವರ್ಷ ಡಿಎಂ. ಕೊಳವೆ ಇಳಿಸುವುದು, ದುರ್ಬೀನು ಹಾಕಿ ಶ್ವಾಸನಾಳ ನೋಡುವುದು, ರಕ್ತದಲ್ಲಿನ ಆಮ್ಲಜನಕದ ಲೆಕ್ಕ ಓದುವುದು, ಯಂತ್ರದ ಗಾಳಿಯನ್ನು ಮಿಲಿಲೀಟರಿನ ಲೆಕ್ಕದಲ್ಲಿ ಕೂರಿಸುವುದು, ರೋಗಿಯನ್ನು ಮಕಾಡೆ ಮಲಗಿಸುವುದು, ಇದೆಲ್ಲವನ್ನೂ ಹಿರಿಯರ ಕೈಕೆಳಗೆ ಹಗಲೂ ರಾತ್ರಿ ನಿಂತು ಕಲಿಯಬೇಕು. ಮಾಡಿದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. 2020-21ರ ಕೋವಿಡ್ಡಿನಲ್ಲಿ ನಾವೆಲ್ಲ ಕಂಡೆವು: ವೆಂಟಿಲೇಟರುಗಳು ಬಂದವು, ಓಡಿಸಬಲ್ಲ ಪಳಗಿದ ಕೈಗಳು ಸಾಲಲಿಲ್ಲ. ಆದ್ದರಿಂದ ಈ ವೈದ್ಯರು ಎಲ್ಲಿಂದಲೇ ಬರಲಿ, ನಮಗೆ ಬೇಕು. ಅವರನ್ನು ಬೈಯುವ ಬಾಯಿ ನನ್ನದಲ್ಲ, ನಿಮ್ಮದೂ ಆಗುವುದು ಬೇಡ.

ನನ್ನ ತಕರಾರು ಒಂದೇ. ಅಷ್ಟೆಲ್ಲ ಕಲಿಸುವವರು ರೋಗಿಯ ಮಾತನ್ನು ಯಾಕೆ ಕಲಿಸುವುದಿಲ್ಲ?

2019ರಿಂದ ಎಂಬಿಬಿಎಸ್ ಸೇರಿದವರಿಗೆ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಪಾಠವೂ ಇದೆ. ಸಂತೋಷ. ಆದರೆ ಲಕ್ನೋದಲ್ಲಿ ಎಂಬಿಬಿಎಸ್ ಮುಗಿಸಿದವರು ಡಿಎಂ ಕಲಿಯಲು ಬೆಂಗಳೂರಿಗೆ ಬಂದರೆ ಅಲ್ಲಿನ ಪಾಠ ಇಲ್ಲಿನ ವಾರ್ಡಿಗೆ ಉಪಯೋಗವಾದೀತೇ? ಡಿಎಂ ಸೀಟು ಸಿಗುವುದು ಅಖಿಲ ಭಾರತ ಪರೀಕ್ಷೆಯಿಂದ. ಎಂಡಿ ಸೀಟುಗಳಲ್ಲೂ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದು ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅಂದರೆ ಹೊರಗಿನಿಂದ ಬರುವ ತರಬೇತಿ ವೈದ್ಯರು ಇನ್ನೂ ಹೆಚ್ಚಬಹುದು. ಬರಲಿ. ಆದರೆ ಅವರು ಪಳಗುವುದು ಯಾರ ಮೈಮೇಲೆ? ಮಂಡ್ಯದ ರೈತನ ಎದೆಯ ಮೇಲೆ, ಕಲಬುರಗಿಯ ಕೂಲಿ ಹೆಂಗಸಿನ ಉಸಿರಿನ ಮೇಲೆ. ಆ ಜನಕ್ಕೆ ತಿಳಿಯುವಂತೆ ನಾಲ್ಕು ಮಾತಾಡುವ ಋಣ ಅವರ ಮೇಲಿಲ್ಲವೇ?

ಬೇರೆ ರೋಗಕ್ಕೆ ರಕ್ತಪರೀಕ್ಷೆ, ಸ್ಕ್ಯಾನು ನೋಡಿ ಮದ್ದು ಕೊಡಬಹುದೇನೋ. ಉಸಿರಿನ ರೋಗದಲ್ಲಿ ರೋಗಿಯೂ ಕೆಲಸ ಮಾಡಬೇಕು. ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ‘ಪೂರ್ತಿ ಎಳ್ಕೊಳ್ಳಿ, ಈಗ ಜೋರಾಗಿ ಊದಿ, ಊದಿ, ಬಿಡಬೇಡಿ, ಇನ್ನೂ ಊದಿ’ ಎಂದು ಪಕ್ಕದಲ್ಲಿ ನಿಂತು ಕೂಗಬೇಕು. ಕನಿಷ್ಠ ಮೂರು ಸಲ ಸರಿಯಾಗಿ ಊದಿದರೆ ಮಾತ್ರ ಅದು ಲೆಕ್ಕಕ್ಕೆ. ಇನ್ಹೇಲರೂ ಹಾಗೆಯೇ. ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದಿದ್ದರೆ ಔಷಧಿ ನಾಲಿಗೆಯ ಮೇಲೇ ಉಳಿಯುತ್ತದೆ. ಇದನ್ನು ಕೈಸನ್ನೆಯಲ್ಲಿ ಕಲಿಸಲಾದೀತೇ?

ಇನ್ನು ರೋಗ ಹೇಳಿಕೊಳ್ಳುವ ಮಾತು. ಉಬ್ಬಸ, ದಮ್ಮು, ಗೂರಲು, ಏದುಸಿರು, ಎದೆ ಬಿಗಿ. ಊರಿಗೊಂದು ಮಾತು. ಹಳ್ಳಿಯ ಮುದುಕಿ ‘ಆಯಾಸ ಆಗುತ್ತಪ್ಪಾ’ ಎಂದರೆ ಅದು ಮೈಯ ದಣಿವೋ, ಉಸಿರು ಸಾಲದೋ? ‘ಮೆಟ್ಟಿಲು ಹತ್ತಿದಾಗಲೋ, ಮಲಗಿದಾಗಲೋ?’ ಎಂದು ಮರುಪ್ರಶ್ನೆ ಕೇಳಬಲ್ಲವನಿಗೆ ಮಾತ್ರ ಗೊತ್ತಾಗುವುದು. ನಿಘಂಟಿನಲ್ಲಿ ಇದು ಸಿಗುವುದಿಲ್ಲ. ಮಂಚದ ಪಕ್ಕದಲ್ಲಿ ಕಲಿಯಬೇಕು.

ರೋಗಿಯ ಮಾತಿಗೆ ಎಂಥ ಬೆಲೆ ಇದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ರೋಗಿಗಳನ್ನೇ ವಿಚಾರಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ದೊಡ್ಡವರ ನಂಬಿಕೆಯಾಗಿತ್ತು. ವಿಚಾರಿಸಿದರೆ ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು! ಬಾಗಿಲಿಗೆ ಬಂದ ರೋಗಿಯನ್ನು ಮೊದಲು ಸರಿಯಾಗಿ ನೋಡಿ ಎಂಬ ತತ್ವ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. ತುಮಕೂರಿನ ಬಡವರ ಮಾತು ಇಡೀ ದೇಶಕ್ಕೆ ಪಾಠವಾಯಿತು.

ಐಸಿಯು ಎಂಬುದು ಹುಟ್ಟಿದ ಬಗೆಯನ್ನೂ ಕೇಳಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿತು. ಉಸಿರಾಡಲಾಗದ ರೋಗಿಗಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಮಂಚದ ಪಕ್ಕ ಕುಳಿತು, ಹಗಲೂ ರಾತ್ರಿ ಕೈಯಿಂದಲೇ ಆ ಚೀಲ ಒತ್ತಿ ಜೀವ ಉಳಿಸಿದರು. ನಿಮ್ಮ ವಯಸ್ಸಿನವರೇ ಅವರು!

ಹಾಗಾದರೆ ಏನು ಮಾಡಬೇಕು? ನನ್ನ ಅಳತೆಗೆ ತಿಳಿದದ್ದು ಹೇಳುತ್ತೇನೆ. ಕರ್ನಾಟಕದಲ್ಲಿ ಎಂಡಿ, ಡಿಎಂ ಕಲಿಯಲು ಬಂದವರಿಗೆ ಮೊದಲ ತಿಂಗಳುಗಳಲ್ಲೇ ವಾರ್ಡಿನಲ್ಲಿ ಕನ್ನಡ ಕಲಿಸಲಿ. ಕುವೆಂಪು, ಬೇಂದ್ರೆ ಆಮೇಲೆ ಓದಿಕೊಳ್ಳಲಿ, ಮೊದಲು ‘ನೋವು ಎಲ್ಲಿ’, ‘ಬಾಯಾರಿಕೆಯೇ’, ‘ಹೆದರಬೇಡಿ, ನಾನಿದ್ದೇನೆ’ ಎನ್ನಲು ಬರಲಿ. ದಾಖಲೆ ಪುಸ್ತಕದಲ್ಲಿ ಕೊಳವೆ ಹಾಕಿದ್ದಕ್ಕೆ ಸಹಿ ಇರುವಂತೆ, ರೋಗಿಯ ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದ್ದಕ್ಕೂ ಸಹಿ ಇರಲಿ. ಪರೀಕ್ಷೆಯ ದಿನ ಪರೀಕ್ಷಕರ ಎದುರು ಕನ್ನಡ ರೋಗಿಯೊಡನೆ ಮಾತಾಡಿ ತೋರಿಸಲಿ.

ಈಗ ನನ್ನ ತಪ್ಪೂ ಹೇಳಬೇಕು. ಮಾವನಿಗೆ ಕೊಳವೆ ಹಾಕುವ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಅವರ ಹೆಂಡತಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಪೂರ್ತಿ ಇಂಗ್ಲಿಷು. ಅಂಥದ್ದೇ ಪತ್ರಗಳನ್ನು ನೂರು ಹಾಳೆಯ ಪುಸ್ತಕ ಮಾಡಿ ಎಷ್ಟೋ ನರ್ಸಿಂಗ್ ಹೋಮುಗಳಿಗೆ ನಾನೇ ಅಚ್ಚು ಹಾಕಿ ಕೊಟ್ಟಿದ್ದೇನೆ. ಕರಡು ತಿದ್ದಿದ್ದೇನೆ, ಬಿಲ್ಲು ಪಡೆದಿದ್ದೇನೆ. ‘ಕನ್ನಡದಲ್ಲೂ ಹಾಕೋಣವೇ ಸ್ವಾಮಿ?’ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಕೆಲಸವನ್ನೇ ಬೇರೆ ಪ್ರೆಸ್ಸಿಗೆ ಕೊಡುತ್ತಾರೆ. ಕೊಡಲಿ.

ಮಾವ ಒಂಬತ್ತನೆಯ ದಿನ ವೆಂಟಿಲೇಟರಿನಿಂದ ಹೊರಬಂದರು. ಈಗ ಮಷೀನಿನ ಹತ್ತಿರ ನಿಲ್ಲಲು ಉಸಿರು ಸಾಲದು. ಬೀಡಿ ಬಿಟ್ಟಿದ್ದಾರೆ, ಮೂಲೆಯಲ್ಲಿ ಕುಳಿತು ಫಾರಂ ಮಡಚುತ್ತಾರೆ. ಆ ಎಳೆಯ ಡಾಕ್ಟರು ಮರುವಾರ ನಮ್ಮ ಪ್ರೆಸ್ಸನ್ನು ಹುಡುಕಿಕೊಂಡು ಬಂದಿದ್ದರು. ನಾವಿಬ್ಬರೂ ಕುಳಿತು ಒಂದು ಹಲಗೆ ತಯಾರಿಸಿದೆವು. ದೊಡ್ಡ ಅಕ್ಷರ, ಪಕ್ಕದಲ್ಲಿ ಚಿತ್ರ: ನೋವು, ಬಾಯಾರಿಕೆ, ಉಸಿರು ಕಟ್ಟುತ್ತಿದೆ, ಕಫ ತೆಗೆಯಿರಿ, ಮನೆಯವರನ್ನು ಕರೆಯಿರಿ. ಬಾಯಲ್ಲಿ ಕೊಳವೆ ಇದ್ದವರು ಬೆರಳಿಟ್ಟು ತೋರಿಸಬಹುದು. ಡಾಕ್ಟರಿಗೆಂದು ಹಿಂದೆ ಅದೇ ಮಾತುಗಳ ಉಚ್ಚಾರಣೆಯನ್ನು ದೇವನಾಗರಿಯಲ್ಲಿ ಹಾಕಿದೆ. ಕರಡನ್ನು ಓದಿ ಒಪ್ಪಿದವರು ಮಾವ. ‘ಕಫ’ದ ಪಕ್ಕದ ಚಿತ್ರ ಸರಿಯಿಲ್ಲ ಎಂದು ಎರಡು ಸಲ ತಿದ್ದಿಸಿದರು!

ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಮೆಡಿಕಲ್ ಓದುವವರಿದ್ದೀರಿ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹೊರರಾಜ್ಯದ ಗೆಳೆಯನಿಗೆ ದಿನಕ್ಕೆ ಐದು ಮಾತು ಕಲಿಸಿ. ಅವನು ತಪ್ಪು ಮಾತಾಡಿದರೆ ನಗಬೇಡಿ, ಇಂಗ್ಲಿಷಿಗೆ ಜಾರಬೇಡಿ. ಉಳಿದವರು ನಿಮ್ಮ ಮನೆಯವರು ಆಸ್ಪತ್ರೆಗೆ ಸೇರಿದಾಗ ‘ಕನ್ನಡದ ಒಪ್ಪಿಗೆ ಪತ್ರ ಕೊಡಿ, ಓದಿ ಸಹಿ ಹಾಕುತ್ತೇವೆ’ ಎಂದು ಗಟ್ಟಿಯಾಗಿ, ಮರ್ಯಾದೆಯಿಂದ ಕೇಳಿ. ನಾಮಫಲಕಕ್ಕೆ ಹೋರಾಡಿದ್ದೀರಿ. ಐಸಿಯುನ ಗಾಜಿನ ಬಾಗಿಲಿನ ಆಚೆಗೂ ಒಮ್ಮೆ ನೋಡಿ. ಅಲ್ಲಿ ಮಲಗಿದವರಿಗೆ ಘೋಷಣೆ ಕೂಗಲು ಬಾಯಿಲ್ಲ.

ಆ ಹಲಗೆ ಬೇಕಿದ್ದ ಆಸ್ಪತ್ರೆಯವರು ಯಾರೇ ಬರಲಿ, ಕಾಗದದ ಖರ್ಚು ಕೊಟ್ಟರೆ ಸಾಕು. ಅಚ್ಚಿನ ಕೂಲಿ ನನಗೆ ಬೇಡ.